ಹತ್ತು ಎಣಿಸಿ, ವಾಪಸ್ ಬನ್ನಿ

ಕೇಳುಗರಿಗೆ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೊ ಇಟ್ಟುಕೊಂಡು ಹುರುಳಿಕಾಯಿ ಸೋಸುತ್ತಿರುವವರಿಗೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲಿ ಕೂತವರಿಗೆ, ಎಲ್ಲರಿಗೂ. ನಾನು ಮೈಸೂರಿನಲ್ಲಿ ಪಶುವೈದ್ಯ. ದನ ಎಮ್ಮೆ ನೋಡಿಕೊಂಡು ಕೆಲಸ ಶುರು ಮಾಡಿದವನು. ಈಗ ದಿನವಿಡೀ ಬರುವುದು ನಾಯಿಗಳೇ.

ಇವತ್ತು ಒಂದೇ ವಿಷಯ. ಎಳೆ ನಾಯಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹೋದರೆ ಅದು ಮಾಡುವ ರಂಪ.

"ಡಾಕ್ಟ್ರೇ, ಬಿಟ್ಟು ಹೋದೆವು ಅಂತ ಸೇಡು ತೀರಿಸಿಕೊಳ್ಳುತ್ತೆ ಇದು" ಅನ್ನುತ್ತಾರೆ ಜನ. ಚಪ್ಪಲಿ ಕಚ್ಚಿದೆ, ಬಾಗಿಲು ಕೆರೆದಿದೆ, ಹಾಸಿಗೆ ಮೇಲೆ ಉಚ್ಚೆ ಹೊಯ್ದಿದೆ. ಸೇಡೂ ಇಲ್ಲ, ಗೀಡೂ ಇಲ್ಲ. ಅದು ಹೆದರಿಕೆ. ಎಂಟು ವಾರ ತಾಯಿ ಜೊತೆ, ಒಡಹುಟ್ಟಿದವುಗಳ ಮೇಲೆ ಬಿದ್ದು ಮಲಗಿದ ಮರಿ. ನಾವು ತಂದು ಬೆಳಗಿನಿಂದ ರಾತ್ರಿವರೆಗೆ ಮಡಿಲಲ್ಲಿ ಇಟ್ಟುಕೊಳ್ಳುತ್ತೇವೆ. ಮಕ್ಕಳಿಗೆ ರಜೆ ಬೇರೆ. ಒಂದು ಸೋಮವಾರ ಎಲ್ಲರೂ ಬೀಗ ಹಾಕಿಕೊಂಡು ಹೊರಟುಬಿಡುತ್ತೇವೆ. ಸಂಜೆ ಬರುತ್ತೇವೆ ಅಂತ ಅದಕ್ಕೆ ಹೇಳಿದವರು ಯಾರು?

ಮದ್ದು ಏನು ಅಂದರೆ, ಅದು ಹೆದರುವುದಕ್ಕೆ ಮೊದಲೇ ವಾಪಸ್ ಬನ್ನಿ. ಬರೆದುಕೊಳ್ಳುವವರು ಇಷ್ಟು ಬರೆದುಕೊಂಡರೆ ಸಾಕು. ಹೆದರಿದ ಮೇಲೆ ಅಲ್ಲ, ಹೆದರುವುದಕ್ಕೆ ಮೊದಲು.

ಹಿಂದೆ ನಾನೂ "ಕೂಗಿ ಕೂಗಿ ಸುಸ್ತಾಗಿ ಸುಮ್ಮನಾಗುತ್ತೆ ಬಿಡಿ" ಅಂತ ಹೇಳಿ ಕಳಿಸುತ್ತಿದ್ದೆ. ತಪ್ಪು ಹೇಳುತ್ತಿದ್ದೆ. ಸುಸ್ತಾಗಿ ಬಿದ್ದುಕೊಂಡ ನಾಯಿ ಕಲಿತ ನಾಯಿ ಅಲ್ಲ. ನನ್ನ ಕಣ್ಣು ತೆರೆಸಿದ್ದು ಒಬ್ಬ ನಿವೃತ್ತ ಮೇಷ್ಟ್ರು.

ಆ ಮೇಷ್ಟ್ರು ಮತ್ತು ಅವರ ಹೆಂಡತಿ ಬೀದಿಯಿಂದ ಒಂದು ಕೆಂಚು ಮರಿ ಎತ್ತಿಕೊಂಡು ಬಂದಿದ್ದರು. ಹೆಸರೂ ಕೆಂಚನೇ. ಏಳು ತಿಂಗಳಾಗಿತ್ತು. "ಡಾಕ್ಟ್ರೇ, ಇದರ ರಂಪ ನೋಡಿ ಈಗ ಇಬ್ಬರೂ ಜೊತೆಯಲ್ಲಿ ಒಂದು ಮದುವೆಗೂ ಹೋಗುತ್ತಿಲ್ಲ. ಒಬ್ಬರು ಊಟಕ್ಕೆ ಹೋದರೆ ಒಬ್ಬರು ನಾಯಿ ಕಾಯುತ್ತೇವೆ" ಅಂದರು. ಹೊರಡುವುದು ಅದಕ್ಕೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ಬೀಗದ ಕೈ ಸದ್ದಾ? ಚಪ್ಪಲಿಯಾ? ಆ ತಾಯಿ ಸ್ವಲ್ಪ ಯೋಚಿಸಿ ಹೇಳಿದರು, "ನಾನು ಬೀರು ತೆಗೆದ ತಕ್ಷಣ ನಡುಗೋಕೆ ಶುರು ಮಾಡುತ್ತೆ."

ಗೊತ್ತಾಯ್ತಲ್ವಾ? ನುಸಿಗುಳಿಗೆ ವಾಸನೆ. ರೇಷ್ಮೆ ಸೀರೆ ಹೊರಬಂತು ಅಂದರೆ ಇಬ್ಬರೂ ಹೋಗುತ್ತಾರೆ ಅಂತ ಕೆಂಚ ಲೆಕ್ಕ ಹಾಕಿಬಿಟ್ಟಿದ್ದ. (ಆ ಗುಳಿಗೆ ನಾಯಿಗೆ ವಿಷ, ಬಾಯಿಗೆ ಸಿಗದ ಹಾಗೆ ಇಡಿ.)

ಆಗ ನಾನು ಹೇಳಿದೆ, "ಅಮ್ಮಾ, ಒಂದು ವಾರ ದಿನಾ ರೇಷ್ಮೆ ಸೀರೆ ಉಟ್ಟುಕೊಂಡು ಮನೆಯಲ್ಲೇ ಇರಿ." ಮೇಷ್ಟ್ರು ನನ್ನ ಮುಖ ನೋಡಿದರು. ಆ ತಾಯಿ ಮಾತ್ರ ಮಾಡಿಯೇಬಿಟ್ಟರು. ಅಂಚಿನ ಸೀರೆಯಲ್ಲಿ ದೋಸೆ ಹುಯ್ದರು, ಅದರಲ್ಲೇ ಕೂತು ಅವರೆಕಾಯಿ ಸುಲಿದರು. ಪಕ್ಕದ ಮನೆಯವರು ಬಂದು "ಏನ್ರೀ ವಿಶೇಷ?" ಅಂತ ಕೇಳಿದ್ದಕ್ಕೆ "ನಾಯಿಗೆ ಪಾಠ" ಅಂದರಂತೆ. ಐದನೇ ದಿನ ಬೀರು ಕಿರ್ ಅಂದಾಗ ಕೆಂಚ ಒಂದು ಕಿವಿ ಎತ್ತಿ ನೋಡಿ ಮತ್ತೆ ಮಲಗಿದ.

ಅಲ್ಲಿಂದ ಮೇಷ್ಟ್ರ ಸರದಿ. ಮೊದಲು ಬಚ್ಚಲುಮನೆ ಬಾಗಿಲು ಹಾಕಿಕೊಂಡು ಹತ್ತು ಎಣಿಸಿದರು, ಹೊರಗೆ ಬಂದರು. ಆಮೇಲೆ ಇಬ್ಬರೂ ಮುಂಬಾಗಿಲು ದಾಟಿ ಐದು ಎಣಿಸಿ ಒಳಗೆ ಬಂದರು. ಹತ್ತು. ಇಪ್ಪತ್ತು. ಬಂದಾಗ ಮುದ್ದೂ ಇಲ್ಲ, ಗದರಿಕೆಯೂ ಇಲ್ಲ, ನೀರು ಕುಡಿದು ಬಂದವರ ಹಾಗೆ ಸುಮ್ನೆ ಬರುವುದು. ಮೇಷ್ಟ್ರಲ್ವಾ, ಹಾಜರಿ ಪುಸ್ತಕದ ಥರ ಗೆರೆ ಎಳೆದು ದಿನಾಂಕ, ಸೆಕೆಂಡು, ನಾಯಿ ಏನು ಮಾಡಿತು ಎಲ್ಲ ಬರೆದಿದ್ದರು. ಹಳೆಯ ಮೊಬೈಲ್ ಒಂದನ್ನು ಕಪಾಟಿನ ಮೇಲೆ ಇಟ್ಟು ವಿಡಿಯೊ ಕೂಡ ಹಿಡಿಯುತ್ತಿದ್ದರು. ಕೆಂಚ ಆಕಳಿಸಲು, ತುಟಿ ನೆಕ್ಕಲು, ಬಾಗಿಲ ಹತ್ತಿರ ಅಡ್ಡಾಡಲು (ಹೆದರಿಕೆಯ ಮೊದಲ ಗುರುತು ಇವು) ಶುರು ಮಾಡುವುದು ಎಷ್ಟು ಹೊತ್ತಿಗೆ ಅಂತ ನೋಡಿಕೊಂಡು, ಮಾರನೇ ದಿನ ಅದಕ್ಕಿಂತ ಮೊದಲೇ ಒಳಗೆ.

ಒಂದು ದಿನ ಎಡವಟ್ಟಾಯಿತು. ನಲವತ್ತು ಸೆಕೆಂಡಿಗೆ ಹೊರಗೆ ಹೋದವರು ಗೇಟಿನ ಹತ್ತಿರ ಯಾರೋ ಹಳೆಯ ಶಿಷ್ಯ ಸಿಕ್ಕಿದ ಅಂತ ಮಾತಿಗೆ ನಿಂತುಬಿಟ್ಟರು. ಶಿಷ್ಯ ಸಿಕ್ಕರೆ ಮೇಷ್ಟ್ರು ಬಿಡುತ್ತಾರಾ? ಕಾಲು ಗಂಟೆ. ಒಳಗೆ ಬಂದರೆ ಬಾಗಿಲ ಬುಡ ಕಿತ್ತುಹೋಗಿದೆ, ನೆಲವೆಲ್ಲ ಜೊಲ್ಲು. ಮಾರನೇ ದಿನ ಪುಸ್ತಕದಲ್ಲಿ ಮತ್ತೆ ಹತ್ತು ಸೆಕೆಂಡು. ಬೇಜಾರಾಯಿತಂತೆ, ಆದರೂ ಬರೆದರು. ಮೂರನೇ ತಿಂಗಳಿಗೆ ಇಬ್ಬರೂ ಒಂದು ಮದುವೆಗೆ ಹೋಗಿ, ಧಾರೆ ನೋಡಿ, ಊಟ ಮಾಡಿ, ಎರಡು ಗಂಟೆಯಲ್ಲಿ ಬಂದರು. ವಿಡಿಯೊದಲ್ಲಿ ಕೆಂಚ ಸೋಫಾ ಮೇಲೆ ಅಂಗಾತ ಮಲಗಿದ್ದ. ಸೋಫಾ ಹತ್ತಬಾರದು ಅಂತ ಆ ಮನೆಯ ಕಾನೂನು, ಅದು ಬೇರೆ ವಿಷಯ.

ಮೇಷ್ಟ್ರ ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಈ ಪಾಠ ನಡೆಯುವಷ್ಟು ದಿನ ನಿಜವಾಗಿ ಒಂಟಿ ಬಿಡಬೇಡಿ. ಅಜ್ಜಿ, ಪಕ್ಕದ ಮನೆ ಹುಡುಗ, ಯಾರಾದರೂ ಕೂರಲಿ. ಬೆಳಿಗ್ಗೆ ಹತ್ತು ಸೆಕೆಂಡಿನ ಪಾಠ ಮಾಡಿ ಮಧ್ಯಾಹ್ನ ಆರು ಗಂಟೆ ಕಾಲ ಬೀಗ ಜಡಿದರೆ ಎಲ್ಲ ನೀರಲ್ಲಿ ಹೋಮ. ಮರಿ ಉಚ್ಚೆ ತಡೆಯುವುದು ತಿಂಗಳಿಗೊಂದು ಗಂಟೆ ಲೆಕ್ಕ, ಮೂರು ತಿಂಗಳ ಮರಿಗೆ ಸುಮಾರು ಮೂರು ಗಂಟೆ. ಹೊರಡುವ ಮೊದಲು ಒಂದು ಸುತ್ತು ಚೆನ್ನಾಗಿ ನಡೆಸಿ. ತೂತಿರುವ ಗಟ್ಟಿ ರಬ್ಬರ್ ಆಟಿಕೆಗೆ ಮೊಸರಲ್ಲಿ ಕಿವುಚಿದ ರಾಗಿ ಮುದ್ದೆ ತುಂಬಿ, ಫ್ರೀಜರ್‌ನಲ್ಲಿಟ್ಟು ಕೊಡಿ, ನೆಕ್ಕುತ್ತಾ ಕೂರುತ್ತದೆ. ತೆಂಗಿನ ಕರಟ ಬೇಡ, ಚೂರು ಗಂಟಲಿಗೆ ಸಿಗುತ್ತದೆ. ಈರುಳ್ಳಿ, ಒಣದ್ರಾಕ್ಷಿ, ಚಾಕಲೇಟ್ ಮುಟ್ಟಿಸಲೇಬೇಡಿ.

ಮತ್ತೆ, ದಯವಿಟ್ಟು, ಸಂಜೆ ಬಂದು ಹೊಡೆಯಬೇಡಿ. "ತಪ್ಪು ಮಾಡಿದ್ದು ಗೊತ್ತು ಡಾಕ್ಟ್ರೇ, ಮುಖ ನೋಡಿದರೆ ತಿಳಿಯುತ್ತೆ" ಅಂತ ವಾರಕ್ಕೆ ನಾಲ್ಕು ಜನ ಹೇಳುತ್ತಾರೆ. ಅದು ನಿಮ್ಮ ಮುಖ ನೋಡಿ ಹೆದರಿದ್ದು ಸ್ವಾಮಿ, ಬೆಳಿಗ್ಗೆ ಹರಿದ ಚಪ್ಪಲಿ ನೆನೆಸಿಕೊಂಡಲ್ಲ. ಮೈಯಲ್ಲಿ ಗಾಯ ಮಾಡಿಕೊಳ್ಳುವಷ್ಟು, ಊಟ ಬಿಡುವಷ್ಟು ಗಾಬರಿ ಇದ್ದರೆ ವೈದ್ಯರ ಹತ್ತಿರ ಬನ್ನಿ, ಅದಕ್ಕೆ ಔಷಧಿ ಇದೆ. ನಿಮ್ಮ ಡಬ್ಬದಲ್ಲಿರುವ ನಿದ್ದೆ ಮಾತ್ರೆ ಅಲ್ಲ.

ಮುಧೋಳ ಇರಲಿ, ಲ್ಯಾಬ್ರಡಾರ್ ಇರಲಿ, ಬೀದಿ ಮರಿ ಇರಲಿ, ಮಾತು ಅದೇ. ಹೆದರುವುದಕ್ಕೆ ಮೊದಲೇ ವಾಪಸ್.

ಕೊನೆಗೆ, ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ರೇಡಿಯೊ ಹಚ್ಚಿಟ್ಟು ಹೋಗಬಹುದಾ? ಧಾರಾಳವಾಗಿ. ಬೀದಿಯ ಹಾರನ್ ಸದ್ದು ಅಷ್ಟು ಕೇಳಿಸುವುದಿಲ್ಲ. ಆದರೆ ನೀವು ಮನೆಯಲ್ಲಿರುವಾಗಲೂ ಹಚ್ಚಿ. ಹೊರಡುವಾಗ ಮಾತ್ರ ಹಚ್ಚಿದರೆ ಇದೂ ನುಸಿಗುಳಿಗೆ ವಾಸನೆಯ ಹಾಗೇ ಆಗಿ, ನನ್ನ ದನಿ ಕೇಳಿದರೂ ನಿಮ್ಮ ನಾಯಿ ನಡುಗುತ್ತದೆ.

ನಮಸ್ಕಾರ.