ಮಂಡಿಗೂ ಒಂಬತ್ತು ತಿಂಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮೈಸೂರಿನಲ್ಲಿ 22 ವರ್ಷಗಳಿಂದ ಆಟಗಾರರ ಮಂಡಿ, ಭುಜ, ಕಣಕಾಲುಗಳನ್ನು ನೋಡಿಕೊಳ್ಳುತ್ತಿರುವ ಫಿಸಿಯೊಥೆರಪಿಸ್ಟ್. ಈ ಹೊತ್ತಿನಲ್ಲಿ ರೇಡಿಯೊ ಮುಂದೆ ಯಾರಿರುತ್ತಾರೆ ಎಂಬುದನ್ನು ಕಲ್ಪಿಸಿಕೊಂಡೇ ಮಾತನಾಡುತ್ತಿದ್ದೇನೆ. ಗದ್ದೆಗೆ ನೀರು ಕಟ್ಟಲು ಹೊರಟ ತಂದೆ, ಒಲೆಯ ಮುಂದೆ ನಿಂತ ತಾಯಿ, ನಿನ್ನೆ ಸಂಜೆ ಕಬಡ್ಡಿ ಆಡಿ ಮಂಡಿ ಊದಿಸಿಕೊಂಡು ಬಂದು ಯಾರಿಗೂ ಹೇಳದೆ ಮೂಲೆಯಲ್ಲಿ ಕುಳಿತಿರುವ ಮಗ ಅಥವಾ ಮಗಳು. ಮೂಲೆಯಲ್ಲಿ ಕುಳಿತಿರುವ ಮಗುವೇ, ನೀನು ಸ್ವಲ್ಪ ಹತ್ತಿರ ಬಂದು ಕೇಳು.

ಇಂದು ಸ್ಕೀ ಕ್ರಾಸ್ ಎಂಬ ಹಿಮದ ಆಟದ ಆಟಗಾರ್ತಿಯೊಬ್ಬರ ಏಳುಬೀಳಿನ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ಹಿಮವೆಲ್ಲಿದೆ, ಇದೆಲ್ಲ ನಮಗೇಕೆ ಎಂದು ಕೇಳುವವರಿದ್ದಾರೆ. ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಗುಲ್ಮಾರ್ಗ್‌ನ ಹಿಮದಲ್ಲಿ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀಯಿಂಗ್ ಪದಕ ಗೆದ್ದು ಬಂದವರು. ಕಾಫಿ ತೋಟದ ನಾಡಿನಿಂದ ಹೋಗಿ ಗೆದ್ದಿದ್ದಾರೆ ಎಂದ ಮೇಲೆ ಹಿಮ ನಮಗೆ ಅಷ್ಟೇನೂ ದೂರವಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಂಡಿಗೆ ಹಿಮವೂ ಒಂದೇ, ಕೆಸರೂ ಒಂದೇ. ನಾನು ಹೇಳಬೇಕಾಗಿರುವುದೂ ಒಂದೇ ಮಾತು: ಹರಿದ ಮಂಡಿಗೆ ಒಂಬತ್ತು ತಿಂಗಳು ಕೊಡಿ.

ಮೊದಲು ಆಟವನ್ನು ನೋಡೋಣ. ಚಾಮುಂಡಿ ಬೆಟ್ಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮರ, ಬಂಡೆ, ಮೆಟ್ಟಿಲು ಎಲ್ಲವನ್ನೂ ಹಿಮ ಮುಚ್ಚಿದೆ ಎಂದುಕೊಳ್ಳಿ. ದೊಡ್ಡ ನಂದಿಯ ಹತ್ತಿರ ನಾಲ್ವರು ಸಾಲಾಗಿ ನಿಂತಿದ್ದಾರೆ, ಪ್ರತಿಯೊಬ್ಬರ ಪಾದಕ್ಕೂ ಆಳುದ್ದದ ಎರಡು ಹಲಗೆಗಳು. ಗೇಟು ತೆರೆಯುತ್ತಲೇ ನಾಲ್ವರೂ ಒಮ್ಮೆಗೇ ಕೆಳಕ್ಕೆ ನುಗ್ಗುತ್ತಾರೆ. ದಾರಿಯುದ್ದಕ್ಕೂ ಉಬ್ಬು, ತಗ್ಗು, ಗೋಡೆಯಂತೆ ಓರೆಯಾದ ತಿರುವು, ಗಾಳಿಯಲ್ಲಿ ಹಾರಿಸುವ ದಿಬ್ಬ. ವೇಗ ಗಂಟೆಗೆ 80 ಕಿಲೊಮೀಟರ್ ಆಸುಪಾಸು. ಒಂದು ನಿಮಿಷ, ಸ್ವಲ್ಪ ಹೆಚ್ಚು ಕಡಿಮೆ, ಎಲ್ಲ ಮುಗಿಯುತ್ತದೆ. ಮೊದಲು ಗೆರೆ ದಾಟಿದ ಇಬ್ಬರು ಮುಂದಿನ ಸುತ್ತಿಗೆ, ಉಳಿದಿಬ್ಬರು ಮನೆಗೆ. ಒಬ್ಬರನ್ನೊಬ್ಬರು ಬೇಕೆಂದು ತಳ್ಳುವಂತಿಲ್ಲ, ಎಳೆಯುವಂತಿಲ್ಲ. ಆದರೆ ಭುಜಕ್ಕೆ ಭುಜ ತಾಗದೆ ನಾಲ್ವರು ಅಂಥ ದಾರಿಯಲ್ಲಿ ಇಳಿಯಲಾರರು.

ಈ ಆಟದ ಋತು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಫ್ರಾನ್ಸ್‌ನ ವಾಲ್ ಥೊರೆನ್ಸ್, ಸ್ವಿಟ್ಜರ್ಲೆಂಡ್‌ನ ಅರೋಸಾ, ಇಟಲಿಯ ಇನ್ನಿಕೆನ್, ಸ್ವೀಡನ್‌ನ ಇದ್ರೆ, ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಅಲೆದಾಟ. ಪ್ರತಿ ಸ್ಪರ್ಧೆಯಲ್ಲಿ ಗೆದ್ದವರಿಗೆ 100 ಅಂಕ, ನಂತರದವರಿಗೆ 80, 60, 50 ಎಂದು ಇಳಿಯುತ್ತಾ ಹೋಗುತ್ತದೆ. ಋತುವಿನ ಕೊನೆಗೆ ಹೆಚ್ಚು ಅಂಕ ಕೂಡಿಸಿದವರ ಕೈಗೆ ಸ್ಫಟಿಕದ ಗೋಳ. ಈ ವಾರ ಗೆದ್ದವರು ಮುಂದಿನ ವಾರ ಪಕ್ಕದವರು ಬಿದ್ದದ್ದರಿಂದ ತಾವೂ ಉರುಳಿ ಮೊದಲ ಸುತ್ತಿನಲ್ಲೇ ಹೊರಬೀಳಬಹುದು. ಅಂಥ ಸೋಲು ಒಂದು ರಾತ್ರಿಯ ದುಃಖ, ಬೆಳಿಗ್ಗೆ ಎದ್ದು ಮುಂದಿನ ಬೆಟ್ಟಕ್ಕೆ ಹೊರಡಬಹುದು. ಮಂಡಿ ಹರಿದರೆ ಹಾಗಲ್ಲ, ಇಡೀ ಋತುವೇ ಹೋಗುತ್ತದೆ.

ಕೆನಡಾದ ವಿಸ್ಲರ್ ಎಂಬ ಊರಿನ ಮಾರಿಯೆಲ್ ಥಾಂಪ್ಸನ್ 2012ರಲ್ಲಿ, ತಮ್ಮ 19ನೇ ವಯಸ್ಸಿನಲ್ಲೇ, ಆ ಸ್ಫಟಿಕದ ಗೋಳ ಗೆದ್ದರು. 2014ರಲ್ಲಿ ರಷ್ಯಾದ ಸೋಚಿಯಲ್ಲಿ ಒಲಿಂಪಿಕ್ ಚಿನ್ನ. 2017ರ ಮಾರ್ಚ್‌ನಲ್ಲಿ ಋತು ಮುಗಿದಾಗ ಗೋಳ ಮತ್ತೆ ಅವರದೇ. ಮುಂದಿನ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಒಲಿಂಪಿಕ್ಸ್. ಚಿನ್ನ ಉಳಿಸಿಕೊಳ್ಳಲು ಅವರಿಗಿಂತ ಬೇರೆ ಯಾರಿದ್ದರು? ಆದರೆ 2017ರ ಅಕ್ಟೋಬರ್‌ನಲ್ಲಿ, ಋತು ಇನ್ನೂ ಆರಂಭವಾಗುವ ಮುಂಚೆ, ಅಭ್ಯಾಸದಲ್ಲಿ ಅವರ ಮಂಡಿಯ ಲಿಗಮೆಂಟ್ ಹರಿಯಿತು.

ಲಿಗಮೆಂಟ್ ಎಂದರೇನು? ತೊಡೆಯ ಮೂಳೆಯನ್ನೂ ಅದರ ಕೆಳಗಿನ ಮೂಳೆಯನ್ನೂ ಮಂಡಿಯ ಒಳಗೆ ಬಿಗಿದು ಕಟ್ಟಿರುವ ಹಗ್ಗ. ದಪ್ಪ ಕಿರುಬೆರಳಿನಷ್ಟೇ. ವೈದ್ಯರು ಇದನ್ನು ಎಸಿಎಲ್ ಎನ್ನುತ್ತಾರೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿದಿಡುವುದು ಇದರ ಕೆಲಸ. ಸ್ಕೀ ಆಟಗಾರ್ತಿ ಹಾರಿ ಇಳಿಯುವಾಗ ಮೈ ಹಿಂದಕ್ಕೆ ವಾಲಿದರೆ ಗಟ್ಟಿ ಬೂಟಿನ ಹಿಂಬದಿ ಆ ಮೂಳೆಯನ್ನು ಮುಂದಕ್ಕೆ ನೂಕುತ್ತದೆ, ಹಗ್ಗ ಹರಿಯುತ್ತದೆ. ಕಬಡ್ಡಿಯಲ್ಲಿ ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗ ಮೈ ತಿರುಗಿದರೆ ಹರಿಯುವುದೂ ಇದೇ ಹಗ್ಗ. ಗದ್ದೆಯ ಬದುವಿನ ಮೇಲೆ ಜಾರಿದ ರೈತನಿಗೂ ಇದೇ.

ಇಲ್ಲಿ ನನಗೆ ಬಹಳ ಪ್ರಿಯವಾದ ಒಂದು ಘಟನೆ ಹೇಳಲೇಬೇಕು. ಮಂಡ್ಯದ ಕಡೆಯ ಒಂದು ಹಳ್ಳಿಯ ಹುಡುಗಿ, ಕಾಲೇಜಿನಲ್ಲಿ ಓದುತ್ತಿದ್ದಳು, ಕಬಡ್ಡಿಯಲ್ಲಿ ರೈಡರ್. ತಂದೆ ಆಲೆಮನೆಯಲ್ಲಿ ಬೆಲ್ಲ ಇಳಿಸುವವರು. ದಸರೆಯ ನಂತರದ ಒಂದು ಪಂದ್ಯದಲ್ಲಿ ಅವಳ ಮಂಡಿಯಿಂದ ಟಕ್ ಎಂಬ ಶಬ್ದ ಬಂದಿತು. ಅವಳಿಗೇ ಕೇಳಿಸಿತಂತೆ. ತಂಡದವರು ಸ್ಪ್ರೇ ಹೊಡೆದು, ಎಬ್ಬಿಸಿ, ಅಂಗಳದ ಸುತ್ತ ಎರಡು ಬಾರಿ ನಡೆಸಿ, ಮತ್ತೆ ರೈಡಿಗೆ ಕಳುಹಿಸಿದರು. ಮತ್ತೆ ರೈಡಿಗೆ! ಇದನ್ನು ಹೇಳುವಾಗ ಈಗಲೂ ನನ್ನ ಧ್ವನಿ ಏರುತ್ತದೆ, ಕ್ಷಮಿಸಿ. ಆಮೇಲೆ ಮನೆಯಲ್ಲಿ ಹರಳೆಣ್ಣೆ ತಿಕ್ಕಿದರು, ನಾಟಿ ಕಟ್ಟು ಕಟ್ಟಿಸಿದರು. ಊತ ಇಳಿಯಿತು, ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ಜಾರುವುದು ನಿಲ್ಲಲಿಲ್ಲ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಲಿಗಮೆಂಟ್ ಪೂರ್ತಿ ಹರಿದಿತ್ತು. ನವೆಂಬರ್ ಮೊದಲ ವಾರ ಶಸ್ತ್ರಚಿಕಿತ್ಸೆಯಾಯಿತು, ಡಿಸೆಂಬರ್‌ನಲ್ಲಿ ನನ್ನ ಬಳಿ ಬಂದಳು.

ಬಂದವಳ ಮೊದಲ ಮಾತೇ, "ಮೇಡಂ, ಮಾರ್ಚ್‌ನಲ್ಲಿ ತಂಡದ ಆಯ್ಕೆ ಇದೆ. ಅಷ್ಟರೊಳಗೆ ನನ್ನನ್ನು ಸಿದ್ಧಮಾಡಿ."

ಮಾರ್ಚ್ ಎಂದರೆ ನಾಲ್ಕು ತಿಂಗಳು. ಆಗುವುದಿಲ್ಲ ಎಂದೆ. ಅತ್ತಳು. ಸಮಾಧಾನ ಮಾಡೋಣವೆಂದು ಥಾಂಪ್ಸನ್ ಕಥೆ ಹೇಳಿದೆ. ಎಂಥ ಆಟಗಾರ್ತಿಗೂ ಹೀಗಾಗುತ್ತದೆ, ಆದರೂ ಅವರು ಮತ್ತೆ ಎದ್ದರು ಎಂದೆ. ಅವಳು ಬುದ್ಧಿವಂತೆ. ರಾತ್ರಿ ಮೊಬೈಲ್‌ನಲ್ಲಿ ಎಲ್ಲ ಹುಡುಕಿ ಓದಿ, ಮುಂದಿನ ಸಲ ಬಂದಾಗ ನನ್ನನ್ನೇ ಹಿಡಿದಳು. "ಮೇಡಂ, ಅವರು ಅಕ್ಟೋಬರ್‌ನಲ್ಲಿ ಮಂಡಿ ಹರಿದುಕೊಂಡು ಫೆಬ್ರುವರಿಯಲ್ಲಿ ಒಲಿಂಪಿಕ್ಸ್‌ಗೆ ಹೋದರು. ನಾಲ್ಕೇ ತಿಂಗಳು. ಅವರು ಹೋಗಬಹುದಾದರೆ ನಾನೇಕೆ ಹೋಗಬಾರದು?"

ಅವಳು ಹೇಳಿದ್ದು ನಿಜ. ಥಾಂಪ್ಸನ್ ಹೋದರು. ಹಾಲಿ ಚಾಂಪಿಯನ್ ಆಗಿ, ಹೊಸದಾಗಿ ರಿಪೇರಿಯಾದ ಮಂಡಿ ಹೊತ್ತು ಪ್ಯೊಂಗ್‌ಚಾಂಗ್‌ನ ಗೇಟಿನಲ್ಲಿ ನಿಂತರು. ನಾನು ಅವಳನ್ನು ಕೇಳಿದೆ, "ಮುಂದೆ ಏನಾಯಿತು, ಅದನ್ನು ಓದಿದೆಯಾ?" ಓದಿದ್ದಳು. ಸುಮ್ಮನಾದಳು. ಥಾಂಪ್ಸನ್ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಅದೇ ದಿನ ಅವರದೇ ತಂಡದ ಕೆಲ್ಸಿ ಸರ್ವಾ ಚಿನ್ನವನ್ನೂ ಬ್ರಿಟನಿ ಫೆಲನ್ ಬೆಳ್ಳಿಯನ್ನೂ ಗೆದ್ದರು. ಗೆಳತಿಯರು ಪದಕದ ಕಟ್ಟೆ ಹತ್ತುವುದನ್ನು ಕೆಳಗೆ ನಿಂತು ನೋಡುವುದು ಆಟಗಾರ್ತಿಗೆ ಎಷ್ಟು ಕಷ್ಟವೆಂದು ನಾನು ಹೇಳಬೇಕಾಗಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಒಲಿಂಪಿಕ್ಸ್, ಅವರು ಹೋದದ್ದು ತಪ್ಪು ಎಂದು ನಾನು ಎಂದೂ ಹೇಳುವುದಿಲ್ಲ. ಆದರೆ ಕಾಲೇಜು ತಂಡದ ಆಯ್ಕೆ ಮುಂದಿನ ವರ್ಷವೂ ಬರುತ್ತದೆ, ಅಲ್ಲವೇ?

ಈಗ ಥಾಂಪ್ಸನ್ ಕಥೆಯ ಉಳಿದರ್ಧ ಕೇಳಿ. 2019ರ ಫೆಬ್ರುವರಿ, ಅಮೆರಿಕದ ಯೂಟಾ. ಮಂಡಿ ಹರಿದು ಹದಿನೈದು ತಿಂಗಳು ದಾಟಿತ್ತು. ಅಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಚಿನ್ನ ಗೆದ್ದರು. 2022ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. ಮಂಡಿ ಅದೇ, ಮನುಷ್ಯರೂ ಅವರೇ. ನಾಲ್ಕು ತಿಂಗಳಿಗೂ ಹದಿನೈದು ತಿಂಗಳಿಗೂ ಎಷ್ಟು ಅಂತರವಿದೆ ನೋಡಿ!

ಹುಡುಗಿಗೆ ಅರ್ಥವಾಯಿತು, ಆದರೆ ಒಪ್ಪಿಗೆಯಾಗಲಿಲ್ಲ. ಒಪ್ಪಿಸಿದ್ದು ಅವಳ ತಂದೆ. ಗೋಡೆಗೆ ಒರಗಿ ನಿಂತು ನಮ್ಮ ವಾದವನ್ನೆಲ್ಲ ಕೇಳುತ್ತಿದ್ದರು. "ಅಮ್ಮಾ, ಒಳಗೆ ಹಾಕಿರುವ ಆ ಹಗ್ಗ ಏನಾಗುತ್ತದೆ, ಒಂದು ಸಲ ಹೇಳಿ" ಎಂದರು. ಹೇಳಿದೆ. ತೊಡೆಯ ಹಿಂಬದಿಯಿಂದ ತೆಗೆದ ಒಂದು ಎಳೆಯನ್ನು ಮಂಡಿಯೊಳಗೆ ಕೂರಿಸಿರುತ್ತಾರೆ. ಮೊದಲಿಗೆ ಅದಕ್ಕೆ ರಕ್ತ ಹರಿಯುವುದಿಲ್ಲ. ನಿಧಾನವಾಗಿ ರಕ್ತನಾಳಗಳು ಅದರೊಳಕ್ಕೆ ಬೆಳೆದು, ಅದು ಮೆಲ್ಲಗೆ ಲಿಗಮೆಂಟ್ ಆಗಿ ಬದಲಾಗಬೇಕು. ವಿಚಿತ್ರವೆಂದರೆ ಎರಡು ಮೂರು ತಿಂಗಳಿಗೆ ನೋವು ಹೋಗಿರುತ್ತದೆ, ಊತ ಹೋಗಿರುತ್ತದೆ, ಮಗು ಚಿಗರೆಯಂತೆ ಓಡಾಡುತ್ತದೆ. ಒಳಗಿನ ಎಳೆ ಅತಿ ದುರ್ಬಲವಾಗಿರುವ ಸಮಯವೂ ಅದೇ.

ಅವರು ತಲೆಯಾಡಿಸಿ ಮಗಳ ಕಡೆ ತಿರುಗಿ ಹೇಳಿದರು, "ಪಾಕ ಬರುವ ಮುಂಚೆ ಕೊಪ್ಪರಿಗೆ ಇಳಿಸಿದರೆ ಅಚ್ಚು ಕೂರುತ್ತದೆಯೇನವ್ವ? ಮೇಲೆ ನೊರೆ ಬಂದ ಮಾತ್ರಕ್ಕೆ ಹದ ಬಂದಂತೆಯೇ?"

ನಾನು ಇಷ್ಟು ವರ್ಷ ಚಿತ್ರ ಬಿಡಿಸಿ, ಪ್ಲಾಸ್ಟಿಕ್ ಮೂಳೆ ತೋರಿಸಿ ಹೇಳಲಾಗದ್ದನ್ನು ಅವರು ಎರಡು ವಾಕ್ಯದಲ್ಲಿ ಹೇಳಿದರು. ಅಂದಿನಿಂದ ಬಂದವರಿಗೆಲ್ಲ ಆ ಮಾತನ್ನೇ ಹೇಳುತ್ತಿದ್ದೇನೆ.

ಆಮೇಲೆ ವಾರಕ್ಕೆರಡು ದಿನ ಬಸ್ಸಿನಲ್ಲಿ ಮಂಡ್ಯದಿಂದ ಬಂದಳು. ಮಿಕ್ಕ ದಿನ ಮನೆಯ ಜಗುಲಿಯೇ ವ್ಯಾಯಾಮಶಾಲೆ. ಒಂದು ಇಟ್ಟಿಗೆಯ ಎತ್ತರ ಹತ್ತಿ ಇಳಿಯುವುದು, ಆಮೇಲೆ ಎರಡು ಇಟ್ಟಿಗೆ. ಒಂಟಿ ಕಾಲಿನಲ್ಲಿ ನಿಂತು ಹಲ್ಲುಜ್ಜುವುದು. ಜಿಗಿದು ಇಳಿಯುವಾಗ ಮಂಡಿ ಒಳಕ್ಕೆ ವಾಲದಂತೆ ಕನ್ನಡಿ ಮುಂದೆ ಅಭ್ಯಾಸ. ಮಾರ್ಚ್ ಬಂದಿತು, ಆಯ್ಕೆ ನಡೆಯಿತು, ಅವಳು ಹೋಗಲಿಲ್ಲ. ಆ ದಿನ ಮನೆಯಲ್ಲಿ ಯಾರೊಡನೆಯೂ ಮಾತನಾಡಲಿಲ್ಲವಂತೆ. ಆರನೇ ತಿಂಗಳಲ್ಲಿ ಪರೀಕ್ಷೆ ಮಾಡಿದೆ. ಪರೀಕ್ಷೆ ಎಂದರೆ ನಮ್ಮ ಕುಂಟೆಬಿಲ್ಲೆಯೇ. ಒಳ್ಳೆಯ ಕಾಲಿನಲ್ಲಿ ಕುಂಟುತ್ತಾ ಎಷ್ಟು ದೂರ ಹಾರುತ್ತೀರಿ, ರಿಪೇರಿಯಾದ ಕಾಲಿನಲ್ಲಿ ಎಷ್ಟು ದೂರ ಹಾರುತ್ತೀರಿ ಎಂದು ಅಳೆಯುವುದು. ನೂರಕ್ಕೆ ಕನಿಷ್ಠ ತೊಂಬತ್ತು ಬರಬೇಕು. ತೊಡೆಯ ಬಲವೂ ಅಷ್ಟೇ. ಆರನೇ ತಿಂಗಳಲ್ಲಿ ಅವಳು ತೊಂಬತ್ತರ ಹತ್ತಿರವೂ ಇರಲಿಲ್ಲ. ಅವಳು ಮಾತ್ರ ಪೂರ್ತಿ ಸರಿಯಾಗಿದ್ದೇನೆ ಎಂದೇ ನಂಬಿದ್ದಳು! ಒಂಬತ್ತು ತಿಂಗಳು ಕೊಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಅದಕ್ಕೂ ಮುಂಚೆ ಅಂಗಳಕ್ಕಿಳಿದವರು ಮತ್ತೆ ಹರಿದುಕೊಂಡು ಬರುವುದನ್ನು ನೋಡಿ ನೋಡಿ ಸಾಕಾಗಿದೆ. ಬಸಿರಿಗೆ ಒಂಬತ್ತು ತಿಂಗಳು ಕಾಯುವ ಮನೆಯವರು ಮಂಡಿಗೆ ಕಾಯಲು ಏಕೆ ಒಲ್ಲೆ ಎನ್ನುತ್ತೀರಿ?

ಹತ್ತನೇ ತಿಂಗಳಲ್ಲಿ ನನ್ನ ಕ್ಲಿನಿಕ್‌ನ ಓಣಿಯಲ್ಲಿ ಅವಳು ಹಾರಿದಳು, ತಂದೆ ನೆಲದ ಹಾಸುಗಲ್ಲು ಎಣಿಸಿದರು. ಎರಡೂ ಕಾಲಿಗೆ ಲೆಕ್ಕ ಹೆಚ್ಚುಕಡಿಮೆ ಸಮವಾಯಿತು. ಮುಂದಿನ ಋತುವಿನ ಮೊದಲ ಪಂದ್ಯದ ಸಂಜೆ ತಂದೆಯ ಫೋನು ಬಂದಿತು. "ಅಮ್ಮಾ, ತಂಡ ಸೋತುಹೋಯಿತು. ಮಗು ಹನ್ನೊಂದು ಸಲ ರೈಡಿಗೆ ಹೋಗಿ ಬಂದಳು. ಮಂಡಿಗೆ ಏನೂ ಆಗಲಿಲ್ಲ." ಅಷ್ಟು ಹೇಳಿ ಫೋನು ಇಟ್ಟರು.

ನನಗೆ ಕೊಟ್ಟಿರುವ ಸಮಯ ಮುಗಿಯುತ್ತಾ ಬಂದಿದೆ ಎಂದು ಗಾಜಿನ ಆಚೆಯಿಂದ ಕೈಸನ್ನೆ ಮಾಡುತ್ತಿದ್ದಾರೆ. ಹೇಳಬೇಕೆಂದಿದ್ದ ಇನ್ನೆರಡು ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ.

ಕೆನಡಾದವರೇ ಆದ ಸ್ಕೀ ಕ್ರಾಸ್ ಆಟಗಾರ ಬ್ರೇಡಿ ಲೆಮನ್ ಕಾಲು ಮುರಿದುಕೊಂಡು 2010ರ ಒಲಿಂಪಿಕ್ಸ್ ಕಳೆದುಕೊಂಡರು. 2014ರಲ್ಲಿ ಫೈನಲ್ ತಲುಪಿ ನಾಲ್ಕನೆಯವರಾದರು, ಪದಕ ಮೂವರಿಗೆ ಮಾತ್ರ. 2018ರಲ್ಲಿ ಚಿನ್ನ. ಒಂದು ಮುರಿದ ಕಾಲಿನಿಂದ ಒಂದು ಚಿನ್ನಕ್ಕೆ ಎಂಟು ವರ್ಷ. ಮಗ ಒಂದು ಋತು ಆಡಲಿಲ್ಲವೆಂದು ಆಟವನ್ನೇ ಬಿಡಿಸುವ ತಂದೆತಾಯಿಗಳಿಗೆ ಇದನ್ನು ಹೇಳಬೇಕಾಗಿತ್ತು. ಸ್ವಿಟ್ಜರ್ಲೆಂಡ್‌ನ ಫ್ಯಾನಿ ಸ್ಮಿತ್ 2022ರ ಬೀಜಿಂಗ್ ಫೈನಲ್‌ನಲ್ಲಿ ಮೂರನೆಯವರಾಗಿ ಗೆರೆ ದಾಟಿದರೂ, ಜರ್ಮನಿಯ ಡೇನಿಯೆಲಾ ಮೈಯರ್‌ಗೆ ತಾಗಿದರೆಂದು ಹಳದಿ ಕಾರ್ಡು ತೋರಿಸಿ ನಾಲ್ಕಕ್ಕೆ ಇಳಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಇಬ್ಬರಿಗೂ ಕಂಚು ಎಂದು ತೀರ್ಮಾನವಾಯಿತು. ಪದಕದ ವ್ಯಾಜ್ಯಕ್ಕೇ ಹತ್ತು ತಿಂಗಳು ಹಿಡಿಯಿತು, ಮಂಡಿಗೆ ಒಂಬತ್ತು ತಿಂಗಳು ಹೆಚ್ಚಾಯಿತೇ?

ಕೊನೆಯದಾಗಿ ಕೋಚ್‌ಗಳಿಗೆ, ದೈಹಿಕ ಶಿಕ್ಷಕರಿಗೆ, ಗರಡಿಮನೆಯ ಉಸ್ತಾದರಿಗೆ ಕೈಮುಗಿದು ಹೇಳುತ್ತೇನೆ. ಅಂಗಳದಲ್ಲಿ ಮಗು ಬಿದ್ದು, ಮಂಡಿಯಿಂದ ಟಕ್ ಎಂಬ ಶಬ್ದ ಬಂದಿತು ಎಂದರೆ ನಂಬಿ. ಒಂದೆರಡು ಗಂಟೆಯೊಳಗೆ ಮಂಡಿ ತೆಂಗಿನಕಾಯಿಯಂತೆ ಊದಿದರೆ ಒಳಗೆ ರಕ್ತ ಸೋರಿದೆ ಎಂದು ತಿಳಿಯಿರಿ. ಎಬ್ಬಿಸಿ ನಡೆಸಬೇಡಿ, ತಿಕ್ಕಬೇಡಿ, ಎಳೆಯಬೇಡಿ. ಬಟ್ಟೆಯಲ್ಲಿ ಐಸು ಸುತ್ತಿ ಇಟ್ಟು, ಕಾಲು ಅಲುಗದಂತೆ ಎತ್ತರದಲ್ಲಿಟ್ಟು, ಮೂಳೆ ವೈದ್ಯರ ಬಳಿ ಕರೆದೊಯ್ಯಿರಿ. ಮೂಲೆಯಲ್ಲಿ ಕುಳಿತಿರುವ ಮಗುವೇ, ಪಂದ್ಯ ತಪ್ಪುತ್ತದೆ ಎಂದು ಹೆದರಿ ಮುಚ್ಚಿಡಬೇಡ. ಈಗಲೇ ಎದ್ದು ಹೋಗಿ ಅಮ್ಮನಿಗೆ ಮಂಡಿ ತೋರಿಸು.

ನಮಸ್ಕಾರ.