ಟೆರೇಸಿಗೆ ಬಂದ ಡ್ರಾಕುಲಾ

ನಮಸ್ಕಾರ. ಇದು ಜಯನಗರದಲ್ಲಿರುವ ನಮ್ಮ ಮನೆ ಟೆರೇಸು. ಬಟ್ಟೆ ಒಣಹಾಕುವ ಹಗ್ಗಕ್ಕೆ ಬಿಳಿ ಬೆಡ್‌ಶೀಟ್ ಕಟ್ಟಿದ್ದೇವೆ. ಬೀದಿಯ ಮಕ್ಕಳೆಲ್ಲ ಆಗಲೇ ಚಾಪೆ ಹಿಡಿದಿದ್ದಾರೆ. ಇವತ್ತಿನ ಸಿನಿಮಾ 'ದಿ ಮಾನ್‌ಸ್ಟರ್ ಸ್ಕ್ವಾಡ್'. ಅಮೆರಿಕದ್ದು, 1987ರದ್ದು, ನಿರ್ದೇಶಕ ಫ್ರೆಡ್ ಡೆಕ್ಕರ್. ಇಂಗ್ಲಿಷ್ ಅರ್ಥವಾಗದ ಪುಟಾಣಿಗಳಿಗೆ ಪಕ್ಕದಲ್ಲೇ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ.

ಒಂದು ಸಣ್ಣ ಊರಿಗೆ ರಕ್ತ ಹೀರುವ ಡ್ರಾಕುಲಾ ಬರುತ್ತಾನೆ. ಜೊತೆಗೆ ತೋಳಮನುಷ್ಯ, ಬಟ್ಟೆ ಸುತ್ತಿದ ಈಜಿಪ್ಟಿನ ಹೆಣ ಅಂದರೆ ಮಮ್ಮಿ, ನೀರಿನಿಂದ ಎದ್ದು ಬರುವ ಮೀನುಮನುಷ್ಯ, ಫ್ರಾಂಕೆನ್‌ಸ್ಟೈನ್ ಎಂಬ ವಿಜ್ಞಾನಿ ಹೆಣಗಳಿಂದ ಮಾಡಿದ ದೈತ್ಯ. ಇವರ ಎದುರು ನಿಲ್ಲುವುದು ಮರದ ಮೇಲಿನ ಪುಟ್ಟ ಮನೆಯಲ್ಲಿ ಸೇರುವ ಒಂದಷ್ಟು ಮಕ್ಕಳು. ರಾಕ್ಷಸರನ್ನು ರೂಪಿಸಿದ್ದು ಸ್ಟ್ಯಾನ್ ವಿನ್‌ಸ್ಟನ್ ಮತ್ತು ಅವರ ತಂಡ. ಸೂಟ್ ಮತ್ತು ಮೇಕಪ್ಪಿನ ಕೈಕೆಲಸ. ಅದಕ್ಕೇ ಆ ಮೀನುಮನುಷ್ಯನನ್ನು ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈ ಮಕ್ಕಳಿಗೆ ಯಾವ ಮಾಯಾಶಕ್ತಿಯೂ ಇಲ್ಲ. ಅದೇ ನನಗೆ ತುಂಬಾ ಇಷ್ಟ. ಅವರಿಗೆ ರೂಲ್ಸ್ ಗೊತ್ತು, ಅಷ್ಟೇ. ತೋಳಮನುಷ್ಯ ಸಾಯುವುದು ಬೆಳ್ಳಿಯ ಗುಂಡಿಗೆ ಮಾತ್ರ, ಡ್ರಾಕುಲಾಗೆ ಬೆಳ್ಳುಳ್ಳಿ ಆಗುವುದಿಲ್ಲ. ಒಬ್ಬ ಹುಡುಗ ಬೆಳ್ಳುಳ್ಳಿ ಹಾಕಿದ ಪಿಜ್ಜಾ ತುಂಡನ್ನೇ ಡ್ರಾಕುಲಾನ ಮುಖಕ್ಕೆ ಅಂಟಿಸಿಬಿಡುತ್ತಾನೆ! ಟೆರೇಸಿನಲ್ಲಿ ಎಂಥ ನಗು ಗೊತ್ತಾ? ದೊಡ್ಡವರು ಮಾತ್ರ ಏನನ್ನೂ ನಂಬುವುದಿಲ್ಲ. ತೋಳವಾಗುವ ಮನುಷ್ಯ ಪೊಲೀಸರ ಹತ್ತಿರ ಹೋಗಿ, ನನ್ನನ್ನು ಕೂಡಿಹಾಕಿ ಎಂದು ಬೇಡಿಕೊಂಡರೂ ಇಲ್ಲ. ಪಾಪ ಅನಿಸುತ್ತದೆ.

ರೂಲ್ಸ್ ಗೊತ್ತಿದ್ದರೆ ದೆವ್ವವನ್ನು ತಡೆಯಬಹುದು ಅನ್ನುವುದು ಬೆಂಗಳೂರಿನವರಿಗೆ ಹೊಸದಲ್ಲ, ಅಲ್ವಾ? 90ರ ದಶಕದಲ್ಲಿ ಇಲ್ಲಿ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿರುತ್ತಿತ್ತು. ಗೊತ್ತಿರುವವರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ವಾಪಸ್ ಹೋಗಬೇಕು. ಮರುದಿನ ಬಂದರೂ ಅದೇ ಬರಹ. ಒಂದು ಸೀಮೆಸುಣ್ಣದ ತುಂಡಿನಲ್ಲಿ ದೆವ್ವವನ್ನು ತಡೆಯಬಹುದು ಅಂದರೆ ಮಕ್ಕಳಿಗೆ ಎಷ್ಟು ಧೈರ್ಯ ಬರುತ್ತದೆ!

ಸಿನಿಮಾದಲ್ಲಿ ಒಬ್ಬ ಜರ್ಮನ್ ಅಜ್ಜ ಇದ್ದಾರೆ. ಮೊದಲು ಮಕ್ಕಳಿಗೆ ಅವರನ್ನು ಕಂಡರೇ ಭಯ. ಕೊನೆಗೆ ಇವರಿಗೆ ಸಹಾಯ ಮಾಡುವುದು ಅವರೇ. ನಿಮಗೆ ರಾಕ್ಷಸರ ಬಗ್ಗೆ ತುಂಬಾ ಗೊತ್ತು ಎಂದು ಒಬ್ಬ ಹುಡುಗ ಹೇಳುತ್ತಾನೆ. ಅಜ್ಜ ಬಾಗಿಲು ಮುಚ್ಚುವಾಗ ಅವರ ತೋಳಿನ ಮೇಲೆ ಹಚ್ಚೆ ಹಾಕಿದ ಸಂಖ್ಯೆ ಕಾಣುತ್ತದೆ. ಹಿಟ್ಲರನ ನಾಜಿಗಳ ಸೆರೆಶಿಬಿರದಲ್ಲಿ ಹಾಕಿದ ಗುರುತು ಅದು. ಅಲ್ಲಿಂದ ಬದುಕಿ ಬಂದವರು ಈ ಅಜ್ಜ. ದೊಡ್ಡ ಮಕ್ಕಳು ಅದೇನೆಂದು ಕೇಳಿದರು. ಸಿನಿಮಾ ನಿಲ್ಲಿಸಿ ನಿಧಾನವಾಗಿ ಹೇಳಿದೆ. ಇಷ್ಟು ನಗಿಸುವ ಸಿನಿಮಾ ಈ ಮಾತನ್ನು ಮಕ್ಕಳಿಂದ ಮುಚ್ಚಿಡುವುದಿಲ್ಲವಲ್ಲ, ಅದಕ್ಕೆ ನನಗೆ ಗೌರವ.

ಅಪ್ಪ ಅಮ್ಮಂದಿರೇ, ಮೊದಲು ನೀವು ನೋಡಿ. ಕೆಲವು ಬೈಗುಳಗಳಿವೆ, ದಪ್ಪ ಹುಡುಗನನ್ನು ಹಂಗಿಸುವ ಮಾತುಗಳಿವೆ, ಮಕ್ಕಳ ಕೈಗೆ ಬಂದೂಕೂ ಬರುತ್ತದೆ. ಅದು ನನಗೆ ಹಿಡಿಸಲಿಲ್ಲ, ಮಕ್ಕಳಿಗೂ ಹಾಗೇ ಹೇಳಿದೆ. ತೀರಾ ಚಿಕ್ಕವರಿಗೆ ಬೇಡ.

ಆದರೆ ಸಿನಿಮಾದ ಐದು ವರ್ಷದ ಹುಡುಗಿ ಫೀಬಿ ಫ್ರಾಂಕೆನ್‌ಸ್ಟೈನ್‌ನ ದೈತ್ಯನನ್ನು ಕಂಡು ಹೆದರದೆ ಗೆಳೆಯನನ್ನಾಗಿ ಮಾಡಿಕೊಳ್ಳುವುದನ್ನು ತಪ್ಪಿಸಿಕೊಳ್ಳಬೇಡಿ. ನಮ್ಮ ಮಕ್ಕಳು ಈಗ ತಮ್ಮದೇ ಪಟ್ಟಿ ಮಾಡುತ್ತಿದ್ದಾರೆ: ಕೊಳ್ಳಿದೆವ್ವ, ಮೋಹಿನಿ, ಬ್ರಹ್ಮರಾಕ್ಷಸ. ಮೋಹಿನಿಯ ಪಾದ ಹಿಂದುಮುಂದು ಇರುತ್ತದೆ, ಹಾಗಾಗಿ ಮೊದಲು ಕಾಲು ನೋಡಬೇಕು ಎನ್ನುವುದಕ್ಕೆ ಎಲ್ಲರೂ ಒಪ್ಪಿದ್ದಾರೆ. ಬ್ರಹ್ಮರಾಕ್ಷಸನಿಗೆ ಏನು ಮಾಡಬೇಕು ಅನ್ನುವ ಜಗಳ ಇನ್ನೂ ನಡೆಯುತ್ತಿದೆ. ನಿಮ್ಮ ಊರಿನ ಅಜ್ಜಿಯರು ಏನು ಹೇಳುತ್ತಿದ್ದರು? ತಿಳಿಸಿ, ಮಕ್ಕಳಿಗೆ ಓದಿ ಹೇಳುತ್ತೇನೆ.