ಮನೆಯ ಮೀಟರು ಹೇಳುವ ಲೆಕ್ಕ

ಕೇಳುಗರಿಗೆ ನಮಸ್ಕಾರ.

ವಿದ್ಯುತ್ ಉಳಿತಾಯದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಹುಟ್ಟುವುದು ಏನನ್ನು ಕೊಳ್ಳಬೇಕು ಎಂಬ ಪ್ರಶ್ನೆ. ಯಾವ ಬಲ್ಬು ಒಳ್ಳೆಯದು, ಯಾವ ಫ್ಯಾನು ಬಾಳಿಕೆ ಬರುತ್ತದೆ, ಫ್ರಿಜ್ಜಿಗೆ ಎಷ್ಟು ಸ್ಟಾರ್ ಇರಬೇಕು ಎಂದು ವಿಚಾರಿಸುವವರು, ಅಂಗಡಿಗೆ ಹೊರಡುವ ಮುನ್ನ ತಮ್ಮ ಮನೆಯ ಮೀಟರ್ ಬೋರ್ಡಿನ ಮುಂದೆ ಕಾಲು ಗಂಟೆ ನಿಂತರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ಮನೆಯೊಳಗೆ ವಿದ್ಯುತ್ತು ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಇಂದಿನ ಮಾತನ್ನು ಮೀಟರಿನಿಂದಲೇ ಆರಂಭಿಸುತ್ತೇನೆ.

ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ಲೆಕ್ಕವೆಲ್ಲ ಏಕೆ ಎಂದು ಕೆಲವರು ಕೇಳಬಹುದು. 2023ರಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಸರಾಸರಿಯ ಮೇಲೆ ಒಂದು ಮಿತಿಯನ್ನು ಗೊತ್ತುಮಾಡಲಾಗಿದೆ. ಆ ಮಿತಿಯನ್ನು ದಾಟಿ, ಆದರೆ 200 ಯೂನಿಟ್ಟಿನೊಳಗೆ ಬಳಸಿದರೆ ಹೆಚ್ಚಾದ ಯೂನಿಟ್ಟಿಗಷ್ಟೇ ಹಣ ಕಟ್ಟಬೇಕು. 200ನ್ನು ದಾಟಿದರೆ ಅಷ್ಟೂ ಯೂನಿಟ್ಟಿನ ಬಿಲ್ಲು ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ತಿಂಗಳಿಗೆ 190, 195 ಯೂನಿಟ್ಟಿನ ಅಂಚಿನಲ್ಲಿ ಓಡಾಡುವ ಮನೆಗೆ ಏಳೆಂಟು ಯೂನಿಟ್ಟಿನ ಉಳಿತಾಯವೆಂದರೆ ಏಳೆಂಟು ಯೂನಿಟ್ಟಿನ ಹಣವಷ್ಟೇ ಅಲ್ಲ, ಸಾವಿರ ರೂಪಾಯಿಯ ಮಾತು.

ಈಗ ನಮ್ಮ ಬಹುಪಾಲು ಮನೆಗಳಲ್ಲಿರುವುದು ತಿರುಗುವ ಚಕ್ರದ ಹಳೆಯ ಮೀಟರಲ್ಲ, ಎಲೆಕ್ಟ್ರಾನಿಕ್ ಮೀಟರು. ಅದರ ಮುಖದ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿಟುಕುತ್ತಿರುತ್ತದೆ. ಅದರ ಹತ್ತಿರ 3200 ಎಂದೋ 1600 ಎಂದೋ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅಷ್ಟು ಸಲ ದೀಪ ಮಿಟುಕಿದರೆ ಒಂದು ಯೂನಿಟ್ ಖರ್ಚಾಯಿತು ಎಂದು ಅರ್ಥ. ಒಂದು ಯೂನಿಟ್ ಎಂದರೆ 1000 ವಾಟಿನ ಉಪಕರಣವೊಂದು ಒಂದು ಗಂಟೆ ನಡೆದಾಗ ಆಗುವ ಖರ್ಚು. ಇಷ್ಟು ತಿಳಿದಿದ್ದರೆ ಕೈಗಡಿಯಾರವೊಂದೇ ಸಾಕು, ಬೇರೆ ಉಪಕರಣ ಬೇಡ. ನಿಮ್ಮ ಮೀಟರಿನಲ್ಲಿ 3200 ಎಂದಿದ್ದರೆ, ಒಂದು ಮಿಟುಕಿನಿಂದ ಮುಂದಿನ ಮಿಟುಕಿಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ನೋಡಿ, 1125ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಬಂದ ಉತ್ತರವೇ ಆ ಗಳಿಗೆಯಲ್ಲಿ ಮನೆ ಬಳಸುತ್ತಿರುವ ವಾಟು. 1600 ಎಂದಿದ್ದರೆ 2250ನ್ನು ಭಾಗಿಸಬೇಕು.

ರಾತ್ರಿ ಮಲಗುವ ಮುನ್ನ ಇದನ್ನೊಮ್ಮೆ ಮಾಡಿ ನೋಡಿ. ದೀಪ, ಫ್ಯಾನು, ಟಿವಿ ಎಲ್ಲವನ್ನೂ ಎಂದಿನಂತೆ ಆರಿಸಿ. ಫ್ರಿಜ್ಜನ್ನೂ ಇನ್ವರ್ಟರನ್ನೂ ಕೆಲವು ನಿಮಿಷಗಳ ಮಟ್ಟಿಗೆ ಆಫ್ ಮಾಡಿ ಮೀಟರಿನ ಮುಂದೆ ನಿಲ್ಲಿ. ಕೆಂಪು ದೀಪ ಮಿಟುಕುವುದು ನಿಂತಿದ್ದರೆ ಸಂತೋಷ. ಬದಲಿಗೆ 3200ರ ಮೀಟರಿನಲ್ಲಿ ಅದು ಮುಕ್ಕಾಲು ನಿಮಿಷಕ್ಕೊಮ್ಮೆ, ಅಂದರೆ 45 ಸೆಕೆಂಡಿಗೊಮ್ಮೆ ಮಿಟುಕುತ್ತಿದ್ದರೆ, ಎಲ್ಲವೂ ಆರಿದೆ ಎಂದು ನೀವು ನಂಬಿದ ಮನೆಯಲ್ಲಿ 25 ವಾಟು ಸದ್ದಿಲ್ಲದೆ ಹರಿಯುತ್ತಿದೆ. ಹಗಲಿರುಳು ಹೀಗೆಯೇ ಹರಿದರೆ ತಿಂಗಳಿಗೆ 18 ಯೂನಿಟ್. ಆಮೇಲೆ ಒಂದೊಂದೇ ಪ್ಲಗ್ಗನ್ನು ಕೀಳುತ್ತ ಬನ್ನಿ. ಕಳ್ಳ ತಾನಾಗಿಯೇ ಸಿಕ್ಕಿಬೀಳುತ್ತಾನೆ.

ಬಹಳಷ್ಟು ಮನೆಗಳಲ್ಲಿ ಆ ಕಳ್ಳನ ಹೆಸರು ಸೆಟ್‌ಟಾಪ್ ಬಾಕ್ಸ್. ರಿಮೋಟಿನ ಗುಂಡಿ ಒತ್ತಿದಾಗ ಟಿವಿಯ ಪರದೆ ಆರುತ್ತದೆ, ಟಿವಿ ತಾನೂ ಬಹುಮಟ್ಟಿಗೆ ನಿದ್ದೆ ಹೋಗುತ್ತದೆ. ಆದರೆ ಅದರ ಕೆಳಗಿನ ಪೆಟ್ಟಿಗೆ ನಿದ್ದೆ ಮಾಡುವುದಿಲ್ಲ. ಅದನ್ನು ಮುಟ್ಟಿ ನೋಡಿದರೆ ಬೆಳಗಿನ ಜಾವದಲ್ಲಿಯೂ ಬೆಚ್ಚಗಿರುತ್ತದೆ, ಆ ಬಿಸಿಯೇ ಸಾಕ್ಷಿ. ಹತ್ತು ವಾಟು ಎಂದು ಹಿಡಿದರೂ ತಿಂಗಳಿಗೆ ಏಳು ಯೂನಿಟ್ ದಾಟುತ್ತದೆ. ಟಿವಿ, ಸೆಟ್‌ಟಾಪ್ ಬಾಕ್ಸ್, ಸ್ಪೀಕರು ಮೂರನ್ನೂ ಸ್ವಿಚ್ಚಿರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ, ಆ ಬೋರ್ಡನ್ನು ಟಿವಿಯ ಹಿಂದೆ ಅಡಗಿಸದೆ ಕೈಗೆಟುಕುವ ಕಡೆ ಗೋಡೆಗೆ ಸಿಕ್ಕಿಸುವುದು ಇದಕ್ಕೆ ಪರಿಹಾರ. ಕೈಗೆಟುಕದ ಸ್ವಿಚ್ಚನ್ನು ಯಾರೂ ಆರಿಸುವುದಿಲ್ಲ. ಮೊಬೈಲ್ ಚಾರ್ಜರನ್ನು ಪ್ಲಗ್ಗಿನಲ್ಲೇ ಬಿಟ್ಟ ಮಕ್ಕಳಿಗೆ ಬೈಯುವ ತಂದೆತಾಯಿಯರಿಗೆ ಇಲ್ಲಿ ಒಂದು ಮಾತು ಹೇಳಬೇಕು: ಖಾಲಿ ಚಾರ್ಜರು ತಿನ್ನುವುದು ಒಂದು ವಾಟಿನ ಸಣ್ಣ ಪಾಲು ಮಾತ್ರ. ಬೈಗುಳವನ್ನು ಸೆಟ್‌ಟಾಪ್ ಬಾಕ್ಸಿಗೆ ಉಳಿಸಿಕೊಳ್ಳುವುದು ನ್ಯಾಯ.

ಇನ್ನು ದೀಪದ ವಿಚಾರ. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ, ಅದರ ಬೆನ್ನಿಗೆ ನಮ್ಮ ರಾಜ್ಯದ ಹೊಸ ಬೆಳಕು ಯೋಜನೆ ಬಂದ ಮೇಲೆ 9 ವಾಟಿನ ಎಲ್‌ಇಡಿ ಬಲ್ಬು ಹಳ್ಳಿಹಳ್ಳಿಗೂ ತಲುಪಿತು. ಬುರುಡೆ ದೀಪವೆಂದು ನಾವು ಕರೆಯುತ್ತಿದ್ದ 60 ವಾಟಿನ ಬಲ್ಬಿನ ಬೆಳಕನ್ನು ಅದು 9 ವಾಟಿನಲ್ಲಿ ಕೊಡುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಬಲ್ಬು ಬದಲಾದರೂ ತಾಮ್ರದ ಚೋಕಿನ ಹಳೆಯ ಟ್ಯೂಬ್‌ಲೈಟು ಹಜಾರದಲ್ಲಿ ಹಾಗೆಯೇ ಗುಂಯ್‌ಗುಡುತ್ತಿದೆ. ಅದರ ಟ್ಯೂಬಿಗೆ 40 ವಾಟು, ಚೋಕಿಗೆ ಮೇಲೆ ಹತ್ತು ಹನ್ನೆರಡು. ಆ ಜಾಗಕ್ಕೆ 20 ವಾಟಿನ ಎಲ್‌ಇಡಿ ಪಟ್ಟಿಯನ್ನು ಹಾಕಿದರೆ ಬೆಳಕು ಕಡಿಮೆಯಾಗುವುದಿಲ್ಲ. ಕೊಳ್ಳುವಾಗ ವಾಟನ್ನಲ್ಲ, ಡಬ್ಬಿಯ ಮೇಲಿನ ಲುಮೆನ್ ಸಂಖ್ಯೆಯನ್ನು ನೋಡಿ. ಬೆಳಕಿನ ಅಳತೆ ಅದು. ವಾಟಿಗೆ ನೂರು ಲುಮೆನ್‌ನಷ್ಟಾದರೂ ಬಂದರೆ ಒಳ್ಳೆಯ ಮಾಲು. ಬಣ್ಣದ ಸಂಖ್ಯೆಯೂ ಅಲ್ಲಿಯೇ ಇರುತ್ತದೆ: 6500 ಎಂದರೆ ಟ್ಯೂಬ್‌ಲೈಟಿನ ಬಿಳಿ, 3000 ಎಂದರೆ ಹಳೆಯ ಬಲ್ಬಿನ ಹೊಂಬಣ್ಣ. ಓದುವ ಮೇಜಿಗೂ ಅಡುಗೆಮನೆಗೂ ಬಿಳಿ ಬೆಳಕು ಸರಿ; ಮಲಗುವ ಕೋಣೆಗೂ ಅದನ್ನೇ ತುಂಬುವ ನಮ್ಮ ಅಭ್ಯಾಸ ಮಾತ್ರ ನನಗೆ ಹಿಡಿಸುವುದಿಲ್ಲ. ಮುಚ್ಚಿದ ಗಾಜಿನ ಗೋಳದೊಳಗೆ ಎಲ್‌ಇಡಿ ಬಲ್ಬನ್ನು ಹಾಕಿದರೆ ಬಿಸಿ ಹೊರಹೋಗದೆ ಅದು ಬೇಗ ಕೆಡುತ್ತದೆ. ಕೆಟ್ಟ ಬಲ್ಬನ್ನು ಬಿಚ್ಚಿ, ಕಪ್ಪುಚುಕ್ಕೆ ಬಿದ್ದ ಒಂದು ಎಲ್‌ಇಡಿಗೆ ಬೆಸುಗೆ ಹಾಕಿ ಮತ್ತೆ ಉರಿಸುವ ವಿದ್ಯೆ ಈಗ ಎಲ್ಲೆಡೆ ಹಬ್ಬಿದೆ. ಅಗ್ಗದ ಬಲ್ಬುಗಳಲ್ಲಿ ಒಳಗಿನ ಎಲ್‌ಇಡಿ ಚುಕ್ಕೆಗಳಿಗೆ ಬರುವುದು ಗೋಡೆಯ ಕರೆಂಟಿನಿಂದ ಬೇರ್ಪಡದ ವಿದ್ಯುತ್ತು. ಮುಚ್ಚಳ ತೆಗೆದು ಹೋಲ್ಡರಿಗೆ ಸಿಕ್ಕಿಸಿ ಪರೀಕ್ಷಿಸುವುದು ಅಪಾಯಕ್ಕೆ ಬೆರಳು ಕೊಟ್ಟಂತೆ.

ಅಡುಗೆಮನೆಯ ಬೆಳಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಅಡುಗೆಮನೆಗಳಲ್ಲಿ ದೀಪ ಇರುವುದು ಸಾಮಾನ್ಯವಾಗಿ ನಡು ಛಾವಣಿಯಲ್ಲಿ ಅಥವಾ ಹಿಂದಿನ ಗೋಡೆಯಲ್ಲಿ. ಕಟ್ಟೆಯ ಮುಂದೆ ನಿಂತು ತರಕಾರಿ ಹೆಚ್ಚುವವರ ನೆರಳು ಅವರ ಈಳಿಗೆಮಣೆಯ ಮೇಲೆಯೇ ಬೀಳುತ್ತದೆ. ದೊಡ್ಡ ಬಲ್ಬು ಹಾಕಿದರೆ ನೆರಳು ಇನ್ನಷ್ಟು ಗಾಢವಾಗುತ್ತದೆಯೇ ಹೊರತು ಹೋಗುವುದಿಲ್ಲ. ಕಟ್ಟೆಯ ಮೇಲಿನ ಶೆಲ್ಫಿನ ಅಡಿಗೆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ಪನ್ನು ಅಂಟಿಸುವುದೇ ಇದಕ್ಕೆ ಮದ್ದು. ಐದು ಮೀಟರಿನ ಸುರುಳಿಯಾಗಿ ಅದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ದೊರೆಯುತ್ತದೆ. ಸ್ಟ್ರಿಪ್ಪಿನ ಮೇಲೆ ಮೂರು ಮೂರು ಚುಕ್ಕೆಗಳಿಗೊಮ್ಮೆ ಕತ್ತರಿಯ ಗುರುತೂ ತಾಮ್ರದ ಪುಟ್ಟ ಬಿಲ್ಲೆಗಳೂ ಇರುತ್ತವೆ. ಕತ್ತರಿಸುವುದಾದರೆ ಅಲ್ಲಿಯೇ ಕತ್ತರಿಸಬೇಕು, ಬೇರೆ ಕಡೆ ಕತ್ತರಿಸಿದರೆ ಆ ಮೂರೂ ಚುಕ್ಕೆ ಉರಿಯುವುದಿಲ್ಲ. ಮೀಟರಿಗೆ 5 ವಾಟಿನ ಸ್ಟ್ರಿಪ್ಪನ್ನು ಎರಡು ಮೀಟರ್ ಹಾಕಿದರೆ ಹತ್ತು ವಾಟಾಯಿತು. ಅದಕ್ಕೆ 12 ವೋಲ್ಟ್, 1 ಆಂಪಿಯರಿನ ಅಡಾಪ್ಟರು ತೀರಾ ಅಂಚಿನಲ್ಲಿ ಸಾಲುತ್ತದೆ, 2 ಆಂಪಿಯರಿನದಾದರೆ ಬಿಸಿಯಾಗದೆ ನಿಶ್ಚಿಂತೆಯಿಂದ ನಡೆಯುತ್ತದೆ. ಕೆಂಪು ತಂತಿ ಪ್ಲಸ್ ಗುರುತಿಗೆ, ಕಪ್ಪು ತಂತಿ ಮೈನಸ್ ಗುರುತಿಗೆ. ಅಂಟಿಸುವ ಮುನ್ನ ಶೆಲ್ಫಿನ ಅಡಿಯ ಎಣ್ಣೆಜಿಡ್ಡನ್ನು ಸೋಪಿನ ನೀರಿನಲ್ಲಿ ಒರೆಸಿ ಚೆನ್ನಾಗಿ ಒಣಗಿಸದಿದ್ದರೆ ವಾರದೊಳಗೆ ಅದು ಕಿತ್ತು ಜೋತಾಡುತ್ತದೆ. ಒಲೆಯ ನೇರ ಮೇಲಕ್ಕೂ ಸಿಂಕಿನ ನೀರು ಸಿಡಿಯುವ ಕಡೆಗೂ ಬೇಡ. 12 ವೋಲ್ಟಿನ ಭಾಗ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲವಾದ್ದರಿಂದ ಹೊಸಬರು ಮೊದಲು ಕೈಹಾಕಲು ಇದು ತಕ್ಕ ಕೆಲಸ.

ಎಲ್‌ಇಡಿ ಹಾಕಿದ ಮೇಲೆ ಹಲವರು ಒಂದು ವಿಚಿತ್ರವನ್ನು ಕಂಡಿರುತ್ತಾರೆ. ಸ್ವಿಚ್ಚು ಆರಿಸಿದ ನಂತರವೂ ಕತ್ತಲೆಯಲ್ಲಿ ಬಲ್ಬು ಮಿಣುಕು ಹುಳುವಿನಂತೆ ಮಂದವಾಗಿ ಹೊಳೆಯುತ್ತಿರುತ್ತದೆ. ಬಲ್ಬು ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸುವವರೂ ಉಂಟು. ಸ್ವಿಚ್ಚಿನಲ್ಲಿಯೇ ಪುಟ್ಟ ಸೂಚಕ ದೀಪವಿದ್ದರೆ ಅದರ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಕಾರಣವಿರಬಹುದು, ಅದರಿಂದ ತೊಂದರೆಯಿಲ್ಲ. ಸೂಚಕವಿಲ್ಲದ ಸ್ವಿಚ್ಚಿನಲ್ಲೂ ಹೀಗಾದರೆ ವೈರಿಂಗ್ ಮಾಡಿದವರು ಕರೆಂಟು ಬರುವ ಫೇಸ್ ತಂತಿಯನ್ನು ನೇರವಾಗಿ ಹೋಲ್ಡರಿಗೆ ಕೊಟ್ಟು, ಅದು ಹಿಂದಿರುಗುವ ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿಗೆ ತಂದಿರುವ ಸಂಭವವುಂಟು. ಅಂಥ ಕಡೆ ಸ್ವಿಚ್ಚು ಆರಿಸಿ ಬಲ್ಬು ತೆಗೆದರೂ ಹೋಲ್ಡರಿನಲ್ಲಿ ಫೇಸ್ ಜೀವಂತವಾಗಿಯೇ ಇರುತ್ತದೆ, ಬಲ್ಬು ಬದಲಿಸುವವರ ಬೆರಳು ಅದಕ್ಕೆ ತಗುಲಿದರೆ ಶಾಕ್ ಖಚಿತ. ಹಳೆಯ ಬುರುಡೆ ದೀಪ ಇಂಥ ಅಲ್ಪ ಸೋರಿಕೆಗೆ ಹೊಳೆಯುತ್ತಿರಲಿಲ್ಲವಾದ್ದರಿಂದ ಈ ತಪ್ಪು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಅಡಗಿ ಕುಳಿತಿತ್ತು. ಇದನ್ನು ಸರಿಪಡಿಸುವ ಕೆಲಸ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನದು. ಅಲ್ಲಿಯವರೆಗೆ ಬಲ್ಬು ಬದಲಿಸುವಾಗ ಮೇನ್ ಸ್ವಿಚ್ಚನ್ನೇ ಆರಿಸಿ.

ಫ್ಯಾನಿನ ವಿಷಯದಲ್ಲಿ ಊರು ನೋಡಿ ತೀರ್ಮಾನಿಸಬೇಕು. ಹಳೆಯ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ 75 ವಾಟು ತಿಂದರೆ ಬಿಎಲ್‌ಡಿಸಿ ಎಂದು ಕರೆಯುವ ಹೊಸ ಮಾದರಿಯದು 30 ವಾಟಿನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಒಂದೊಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ರಾಯಚೂರಿನವರಿಗೆ, ಕಲಬುರಗಿಯವರಿಗೆ ಇದು ಬೇಗ ಹಣ ಹಿಂದಿರುಗಿಸುವ ಖರೀದಿ. ಮಡಿಕೇರಿಯಲ್ಲಿ ವರ್ಷಕ್ಕೆ ಎರಡು ತಿಂಗಳು ಫ್ಯಾನು ಹಾಕುವವರು ಆ ಹಣವನ್ನು ಬೇರೆ ಕೆಲಸಕ್ಕೆ ಬಳಸುವುದು ಮೇಲು. ಬಿಎಲ್‌ಡಿಸಿ ಫ್ಯಾನಿನ ವೇಗ ಅದರದೇ ರಿಮೋಟಿನಿಂದ ಬದಲಾಗುತ್ತದೆ, ಹಳೆಯ ರೆಗ್ಯುಲೇಟರಿನ ಮೂಲಕ ಅದಕ್ಕೆ ಕರೆಂಟು ಕೊಡಬಾರದು. ಹಳೆಯ ಫ್ಯಾನೇ ಇರಲಿ ಎನ್ನುವವರಿಗೆ ಇನ್ನೊಂದು ಸೂಚನೆ: ಐದರಲ್ಲಿಟ್ಟರೂ ಫ್ಯಾನು ಮಂದವಾಗಿ ತಿರುಗುತ್ತಿದ್ದರೆ ಅನೇಕ ವೇಳೆ ಕೆಟ್ಟಿರುವುದು ಮೋಟಾರಲ್ಲ, ಅದರ ಮೇಲಿನ ಬಟ್ಟಲಿನೊಳಗಿರುವ ಕೆಪಾಸಿಟರು. ಅದರ ಮೇಲೆ 2.5 ಮೈಕ್ರೋಫ್ಯಾರಡ್ ಎಂದೋ ಮತ್ತೇನೋ ಬರೆದಿರುತ್ತದೆ. ಅದೇ ಸಂಖ್ಯೆಯದನ್ನೇ ತರಬೇಕು. ಹೆಚ್ಚಿನದನ್ನು ಹಾಕಿದರೆ ಹೆಚ್ಚು ಗಾಳಿ ಬರುತ್ತದೆ ಎಂಬುದು ಮೋಟಾರನ್ನು ಸುಡುವ ನಂಬಿಕೆ.

ಮನೆಯಿಂದಲೇ ಕೆಲಸ ಮಾಡುವವರಿಗೆ, ಓದುವ ಮಕ್ಕಳಿಗೆ ಕರೆಂಟು ಹೋದಾಗ ಇಂಟರ್‌ನೆಟ್ ಹೋಗುವುದೇ ದೊಡ್ಡ ತಾಪತ್ರಯ. ಹತ್ತು ವಾಟೂ ತಿನ್ನದ ರೌಟರಿಗಾಗಿ ದೊಡ್ಡ ಇನ್ವರ್ಟರನ್ನು ತರಬೇಕಾಗಿಲ್ಲ. ಇನ್ವರ್ಟರು ಬರಿದೆ ಚಾಲೂ ಇರುವುದಕ್ಕೇ ಒಂದಿಷ್ಟು ವಿದ್ಯುತ್ತನ್ನು ತಿನ್ನುತ್ತದೆ. ರೌಟರಿಗೆಂದೇ ಸಿಗುವ ಅಂಗೈಯಗಲದ ಪುಟ್ಟ ಯುಪಿಎಸ್ ಸಾಕು. ಕೊಳ್ಳುವ ಮುನ್ನ ರೌಟರಿನ ಅಡಾಪ್ಟರನ್ನು ತಿರುವಿ ಅದರ ಚೀಟಿಯನ್ನು ಓದಿ. ಔಟ್‌ಪುಟ್ ಎಂಬಲ್ಲಿ 12 ವೋಲ್ಟ್ ಎಂದಿದ್ದರೆ ಯುಪಿಎಸ್ಸೂ 12 ವೋಲ್ಟಿನದೇ ಆಗಬೇಕು, 9 ಎಂದಿದ್ದರೆ 9. ಆಂಪಿಯರು ಮಾತ್ರ ಹೆಚ್ಚಿದ್ದರೆ ಅಡ್ಡಿಯಿಲ್ಲ, ರೌಟರು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಅಲ್ಲೇ ಒಂದು ಚುಕ್ಕೆ, ಅದನ್ನು ಸುತ್ತಿದ ಅರ್ಧವೃತ್ತದ ಚಿತ್ರವಿರುತ್ತದೆ. ಪ್ಲಸ್ ಗುರುತು ಚುಕ್ಕೆಯ ಕಡೆಗಿದ್ದರೆ ಪಿನ್ನಿನ ಒಳಭಾಗ ಪ್ಲಸ್ ಎಂದರ್ಥ. ಎರಡೂ ಕಡೆ ಇದು ಹೊಂದಬೇಕು.

ಉಳಿದವುಗಳಲ್ಲಿ ಕೆಲವಕ್ಕೆ ದುಡ್ಡೇ ಬೇಡ. ಹದಿನೈದು ಲೀಟರಿನ ಗೀಸರನ್ನು ಒಮ್ಮೆ ಬಿಸಿಮಾಡಲು ಸುಮಾರು ಅರ್ಧ ಯೂನಿಟ್ ಬೇಕು; ಹೇಗೂ ತಣ್ಣೀರು ಬೆರೆಸಿ ಸ್ನಾನ ಮಾಡುವ ನಾವು ಅದರ ಥರ್ಮೋಸ್ಟಾಟನ್ನು ಕೊನೆಯವರೆಗೆ ತಿರುಗಿಸಿಡುವುದು ವ್ಯರ್ಥ. ಫ್ರಿಜ್ಜಿನ ಬಾಗಿಲಿಗೆ ಒಂದು ನೋಟನ್ನು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದುಬಿಟ್ಟರೆ ರಬ್ಬರ್ ಪಟ್ಟಿ ಸಡಿಲಾಗಿದೆ. ಮಲೆನಾಡು ಕರಾವಳಿಯ ಹೆಂಚಿನ ಮನೆಗಳಲ್ಲಿ ಹಗಲಲ್ಲೂ ದೀಪ ಬೇಡುವ ನಡುಮನೆಗೆ ಎರಡು ಗಾಜಿನ ಹೆಂಚು ಸಾಕು. ಮಂಗಳೂರು ಹೆಂಚಿನ ಅಳತೆಯಲ್ಲೇ ಅದು ಸಿಗುತ್ತದೆ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗಲೇ ಕೂರಿಸಿಬಿಡಬಹುದು.

ಕೊನೆಯದಾಗಿ, ಈ ಯಾವ ಕೆಲಸಕ್ಕೂ ಮುನ್ನ ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ಎಂದು ನೋಡಿ. 30 ಮಿಲಿಆಂಪಿಯರಿನಷ್ಟು ವಿದ್ಯುತ್ತು ಮನುಷ್ಯನ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ನೆಲಕ್ಕೆ ಸೋರಿದರೆ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಸಂಪರ್ಕ ಕಡಿಯುವ ಸಾಧನವದು. ಕರೆಂಟು ಮಿತಿಮೀರಿ ಹರಿದಾಗ ತಾನಾಗಿ ಬೀಳುವ ಎಂಸಿಬಿ ಸ್ವಿಚ್ಚು ಮಾಡುವ ಕೆಲಸ ಬೇರೆ. ಅದು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಆರ್‌ಸಿಸಿಬಿಯ ಮೇಲೆ ಟೆಸ್ಟ್ ಎಂಬ ಗುಂಡಿಯಿರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿದಾಗ ಆರ್‌ಸಿಸಿಬಿಯ ಸ್ವಿಚ್ಚು ಟಪ್ಪೆಂದು ಕೆಳಗೆ ಬೀಳಬೇಕು. ಬೀಳದಿದ್ದರೆ ಬಲ್ಬು, ಸ್ಟ್ರಿಪ್ಪು ಎಲ್ಲವನ್ನೂ ಪಕ್ಕಕ್ಕಿಟ್ಟು ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅದನ್ನು ಬದಲಿಸಿಕೊಳ್ಳಿ.

ನಮಸ್ಕಾರ.